ಅಧ್ಯಕ್ಷೆಯ ಮನೆಯ ಚಾಪೆ

ನಮ್ಮೂರಲ್ಲಿ ಬರಿಗಾಲಿನ ಹೆಜ್ಜೆ ಅಳಿಯುವುದಿಲ್ಲ. ಚಪ್ಪಲಿಯ ಗುರುತು ಸಂಜೆಯೊಳಗೆ ಹೋಗುತ್ತದೆ. ಬರಿಗಾಲಿನದು ಮಾತ್ರ ಇಟ್ಟವರೇ ಬಂದು ನೀರು ಹಾಕಿ ತೊಳೆಯುವ ತನಕ ಇದ್ದಲ್ಲೇ ಇರುತ್ತದೆ. ಇನ್ನೊಬ್ಬರು ಎಷ್ಟು ತಿಕ್ಕಿದರೂ ತೋಳು ನೋಯುವುದೇ ಲಾಭ. ಹೀಗಾಗಿ ಯಾರದಾದರೂ ಮನೆಗೆ ಹೋದರೆ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಕೊನೆಗೆ ಒಂದು ತಂಬಿಗೆ ನೀರು ಕೇಳಿ ನಮ್ಮ ಹೆಜ್ಜೆಗಳನ್ನು ನಾವೇ ತೊಳೆದು ಬರುವುದು ಮರ್ಯಾದೆ. ಮನೆಯವರು 'ಇರಲಿ ಬಿಡ್ರಿ, ತೊಳೀಬ್ಯಾಡ್ರಿ' ಎಂದರೆ ನೀವು ಆ ಮನೆಯವರಾದಿರಿ ಎಂದು ಅರ್ಥ. ನನಗೆ ಹೆಣ್ಣು ಕೊಟ್ಟ ಮಾವ ಆ ಒಂದು ಮಾತು ಹೇಳಲು ಹನ್ನೊಂದು ವರ್ಷ ತೆಗೆದುಕೊಂಡ.

ನನ್ನ ಕಸಬು ಜೊಂಡಿನ ಚಾಪೆ ಹೆಣೆದು ಮಾರುವುದು. ಬೇಡವಾದ ಹೆಜ್ಜೆಗಳು ಎಲ್ಲರ ಮನೆಯಲ್ಲೂ ಒಂದೆರಡು ಇರುತ್ತವೆ. ಓಡಿಹೋದ ಅಳಿಯನದು, ಮಾತು ಬಿಟ್ಟ ಅಣ್ಣನದು, ಹೆಸರು ಎತ್ತಬಾರದವರದು. ತೊಳೆಯಬೇಕಾದವರು ಬರುವುದಿಲ್ಲ, ಆದ್ದರಿಂದ ಮೇಲೆ ಚಾಪೆ ಹಾಸಬೇಕು. ಹಾಸಿದ ಚಾಪೆಯನ್ನು ಹಾಸಿದವರೇ ಎತ್ತಬೇಕೆಂಬುದು ನಮ್ಮೂರ ಕಾನೂನು. ಫೌಜದಾರ ಕೂಡ ಅದರ ಅಂಚು ಮುಟ್ಟುವಂತಿಲ್ಲ. ಚಾಪೆ ಮಾರುವವನಿಗೂ ಒಂದು ನೇಮ ಇದೆ: ಅಳತೆ ಕೇಳಬೇಕು, ಕಾರಣ ಕೇಳಬಾರದು, ಯಾರಿಗೆ ಮಾರಿದೆ ಎಂದು ಬಾಯಿ ಬಿಡಬಾರದು. ನನ್ನ ಅಪ್ಪ ಈ ನೇಮವನ್ನು ಪಾಲಿಸಿಯೇ ಸತ್ತ. ನಾನೂ ಪಾಲಿಸುತ್ತೇನೆ, ಹೊಟ್ಟೆ ಉಬ್ಬಿಕೊಳ್ಳುತ್ತದೆ ಅಷ್ಟೇ.

ದಾಕ್ಷಾಯಣಿ ಎಂಬ ಹೆಂಗಸಿನ ಮೇಲೆ ನನಗೆ ಸಿಟ್ಟಿತ್ತು. ಪೇಟೆಯ ಮೂಲೆಯಲ್ಲಿ ಆಕೆಯ ಖಾನಾವಳಿ. ಮುಂದಿನ ಪಡಸಾಲೆಯಲ್ಲಿ ಊಟಕ್ಕೆ ಕೂರಿಸುತ್ತಿದ್ದಳು, ಹಿಂದೆ ಮನೆ. ಅಷ್ಟು ದೊಡ್ಡ ಪಡಸಾಲೆಗೆ ಒಂದೇ ಒಂದು ಚಾಪೆ ಕೊಳ್ಳಲಿಲ್ಲ. ಊಟದ ಮಂದಿಯನ್ನು ಮಣೆಯ ಮೇಲೆ ಕೂರಿಸುತ್ತಿದ್ದಳು. ನಾನು ಒಮ್ಮೆ ಹೊಸ ಚಾಪೆಗಳನ್ನು ಹೊತ್ತುಕೊಂಡು ಬಾಗಿಲಿಗೇ ಹೋಗಿದ್ದೆ. 'ನಮ್ಮ ಮನ್ಯಾಗ ಮುಚ್ಚೂವಂಥಾದ್ದು ಏನೂ ಇಲ್ರಿ' ಎಂದು ನಗುತ್ತಲೇ ವಾಪಸು ಕಳಿಸಿದಳು. ಎಲ್ಲರೂ ಹಾಗೆಂದರೆ ನಾನು ಜೊಂಡು ಮೇಯಬೇಕೇ? ಅದೇ ಮಾತನ್ನು ಹಿಡಿದುಕೊಂಡು ಆಕೆ ಊರಿನ ಅಧ್ಯಕ್ಷತೆಗೆ ನಿಂತಾಗ ನನ್ನ ಸಿಟ್ಟು ಇನ್ನಷ್ಟು ಏರಿತು. ಮನೆ ಮನೆಗೆ ಹೋಗಿ, 'ನಮ್ಮ ಮನ್ಯಾಗ ಚಾಪಿ ಇಲ್ಲ, ಬಂದು ನೋಡ್ರಿ. ಚಾವಡಿ ಆಡಳಿತನೂ ಹಂಗ ಇರ್ತದ' ಎಂದಳು. ನಾನು ಎದುರಾಳಿ ದೇಸಾಯರ ಪರವಾಗಿ ಓಣಿಓಣಿ ತಿರುಗಿದೆ. ದೇಸಾಯರ ವಾಡೆಯಲ್ಲಿ ಇಪ್ಪತ್ತೆರಡು ಚಾಪೆಗಳಿವೆ, ಎಲ್ಲ ನಾನೇ ಹೆಣೆದದ್ದು.

ಆಕೆಯ ಪರವಾಗಿ ತಿರುಗಿದವರಲ್ಲಿ ಇಬ್ಬರು ಮುಂದಾಳುಗಳು. ಒಬ್ಬ ವಿರೂಪಾಕ್ಷ. ತಾಯಿ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಆಕೆಯ ಕೈಯೂಟ ಉಂಡವನು. ರಕ್ತಸಂಬಂಧ ಇರದಿದ್ದರೂ ಅಕ್ಕ ಎನ್ನುತ್ತಿದ್ದ, ಆಕೆಯೂ ಅವನನ್ನು ತಮ್ಮ ಎಂದೇ ಇಟ್ಟುಕೊಂಡಿದ್ದಳು. ಬಂಡಿಯ ಗಾಲಿಗೆ ಸಿಕ್ಕು ಅವನ ಎಡಗಾಲಿನ ಕಿರುಬೆರಳು ಹೋಗಿತ್ತು. ಇನ್ನೊಬ್ಬ ನಾಗನಗೌಡ, ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಆಸಾಮಿ. ಪ್ರಚಾರ ಶುರುವಾದ ದಿನವೇ ಆಕೆ ತನ್ನ ಪಡಸಾಲೆಯಲ್ಲಿ ನಿಂತು, 'ನನ್ನ ಸಲುವಾಗಿ ದುಡಿಯಾವ್ರು ಯಾರೂ ಹೆಜ್ಜಿ ತೊಳೀಬ್ಯಾಡ್ರಿ, ಎಲ್ಲಾರವೂ ಇಲ್ಲೇ ಇರಲಿ' ಎಂದಳಂತೆ. ಅಲ್ಲಿಂದ ಎರಡು ತಿಂಗಳು ಊರಿನ ಅರ್ಧ ಮಂದಿ ಆ ನೆಲದ ಮೇಲೆ ಹೆಜ್ಜೆ ಬಿಟ್ಟರು. ಪಡಸಾಲೆಯ ಕಲ್ಲು ಕಾಣದಂತಾಯಿತು.

ಆಕೆ ಗೆದ್ದಳು. ನೂರ ಅರವತ್ತು ಮತಗಳಿಂದ. ಗೆದ್ದ ಎಂಟು ತಿಂಗಳಲ್ಲಿ ನಾವಿರುವ ಕೆಳಗಿನ ಓಣಿಗೆ ನಳ ಬಂತು. ನನ್ನ ಹೆಂಡತಿ ಕಸ್ತೂರಿ ಮೂವತ್ತು ವರ್ಷ ದೊಡ್ಡ ಬಾವಿಯಿಂದ ನೀರು ಹೊತ್ತವಳು. ಹೆಜ್ಜೆ ತೊಳೆಯುವ ಊರಿನಲ್ಲಿ ನೀರಿನ ಖರ್ಚು ಎಷ್ಟೆಂದು ಹೊತ್ತವರಿಗೇ ಗೊತ್ತು. ನಳ ತಿರುಗಿಸಿ ಅವಳು ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ. ದೇಸಾಯರಿಗೆ ಮತ ಹಾಕಿದ ಕೈ ಎಂದು ಎರಡು ದಿನ ನನ್ನ ಕೈಗೆ ಚಹಾ ಕೊಡಲಿಲ್ಲ, ನೆಲಕ್ಕೆ ಇಟ್ಟಳು.

ಆಮೇಲೆ ಚಾವಡಿಯ ಅಟ್ಟ ಶುಚಿ ಮಾಡುವಾಗ ಒಂದು ಹಳೆಯ ಹಂಡೆ ಸಿಕ್ಕಿತು. ಒಳಗೆ ಇನ್ನೂರ ಹನ್ನೊಂದು ಮತಪತ್ರ. ಎಲ್ಲವೂ ದೇಸಾಯರ ಗುರುತಿಗೆ ಒತ್ತಿದವು.

ಎಣಿಕೆಯ ದಿನ ಮಧ್ಯಾಹ್ನ ನಡೆದದ್ದನ್ನು ಊರೇ ಕೂಡಿ ನೆನಪಿಸಿಕೊಂಡಿತು. ಮತಪೆಟ್ಟಿಗೆ ಕೆಂಪು ಅರಗಿನ ಮುದ್ರೆ ಹಾಕಿಕೊಂಡು ಚಾವಡಿಯಲ್ಲಿ ಕುಳಿತಿತ್ತು. ಕಾವಲುಗಾರನನ್ನು ವಿರೂಪಾಕ್ಷ ಹೆಗಲ ಮೇಲೆ ಕೈ ಹಾಕಿ ಊಟಕ್ಕೆ ಕಳಿಸಿದ್ದ. ಮತ್ತೆ ಅವನೂ ನಾಗನಗೌಡನೂ ಒಂದು ಕೊಡ ನೀರು ಹೊತ್ತುಕೊಂಡು ಒಳಗೆ ಹೋದದ್ದನ್ನು ಕಂಡವರಿದ್ದರು. ಚಾವಡಿಯಲ್ಲಿ ಹೆಜ್ಜೆ ತೊಳೆಯುವ ಪದ್ಧತಿಯೇ ಇಲ್ಲ, ಅಲ್ಲಿ ನಮ್ಮ ಮುತ್ತಜ್ಜಂದಿರ ಹೆಜ್ಜೆಗಳೂ ಇವೆ. ಹಾಗಾದರೆ ಆ ನೀರು ಯಾತಕ್ಕೆ? ಕಳವಿಗೆ ಹೋದವರು ಚಪ್ಪಲಿ ಹಾಕಿಕೊಂಡೇ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಚಾವಡಿಯ ಮೆಟ್ಟಿಲ ಬಳಿ ಚಪ್ಪಲಿ ಬಿಡುವುದು ನಮ್ಮೂರ ಕಾಲಿಗೆ ಅಂಟಿದ ಅಭ್ಯಾಸ. ಕಳ್ಳನ ಕಾಲೂ ಅದನ್ನು ಮರೆಯುವುದಿಲ್ಲ.

ಫೌಜದಾರ ತಿಪ್ಪಣ್ಣ ಇಬ್ಬರ ಮೇಲೂ ದೋಷಾರೋಪ ಹೊರಿಸಿ ಠಾಣೆಯಲ್ಲಿ ಕೂರಿಸಿದ. ನಮ್ಮಲ್ಲಿ ಆರೋಪಿಯನ್ನು ಮೊದಲು ನೀರಿನಿಂದ ದೂರ ಇಡುತ್ತಾರೆ, ಕುಡಿಯುವ ನೀರನ್ನೂ ಎದುರು ನಿಂತು ಕುಡಿಸುತ್ತಾರೆ. ಆದರೆ ಮುದ್ರೆ ಒಡೆದದ್ದನ್ನು ಕಣ್ಣಾರೆ ಕಂಡ ಸಾಕ್ಷಿ ಇರಲಿಲ್ಲ. ಚಾವಡಿಯ ನೆಲದಲ್ಲಿ ಅವರಿಬ್ಬರ ಹೆಜ್ಜೆ ತೊಳೆದಾಗಿತ್ತು. ಎರಡು ವಾರ ಬಿಟ್ಟು ಬರುವ ಗುರುವಾರ ಜಾಮೀನು ಆಗುತ್ತದೆ, ಆಮೇಲೆ ಪ್ರಕರಣ ತಣ್ಣಗಾಗುತ್ತದೆ ಎಂದು ಎಲ್ಲರೂ ಲೆಕ್ಕ ಹಾಕಿದರು.

ಊರು ಮಾತ್ರ ತಣ್ಣಗಾಗಲಿಲ್ಲ. ದೇಸಾಯರು ಚಾವಡಿ ಕಟ್ಟೆಯ ಮೇಲೆ ಕುಳಿತು ರಾಜೀನಾಮೆ ಕೇಳಿದರು. ಆಕೆಯ ಪಕ್ಷದ ಸದಸ್ಯರು ಮಾಡಿದ್ದು ಇನ್ನೂ ಚಂದ. ಒಂದು ಬೆಳಿಗ್ಗೆ ಖಾನಾವಳಿಯ ಬಾಗಿಲಲ್ಲಿ ಸಾಲು ಕಂಡಿತು. ಊಟದ ಸಾಲಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದು ತಂಬಿಗೆ, ಹೆಗಲಿಗೆ ಒಂದು ಚಿಂದಿ ಬಟ್ಟೆ. ಪ್ರಚಾರದ ಕಾಲದಲ್ಲಿ ಬಿಟ್ಟ ತಮ್ಮ ಹೆಜ್ಜೆಗಳನ್ನು ತೊಳೆದುಕೊಂಡು ಹೋಗಲು ಬಂದಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ. ನಾನು ತಮಾಷೆ ನೋಡಲೆಂದೇ ಎದುರಿನ ಕಟ್ಟೆಯ ಮೇಲೆ ಕುಳಿತೆ.

ದಾಕ್ಷಾಯಣಿ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಹಿತ್ತಲಿನಿಂದ ಕೊಡಗಟ್ಟಲೆ ನೀರು ತಂದು ಪಡಸಾಲೆಯಲ್ಲಿ ಇಟ್ಟಳು. ತಂಬಿಗೆ ಬರಿದಾದವರಿಗೆ ತಾನೇ ತುಂಬಿಸಿ ಕೊಟ್ಟಳು. ಒಬ್ಬ ಮುದುಕ ಸದಸ್ಯನಿಗೆ ಬಗ್ಗಲು ಆಗದಿದ್ದಾಗ ತೋಳು ಹಿಡಿದು, 'ಇಲ್ಲೊಂದು ಉಳದದ ನೋಡ್ರಿ ಕಾಕಾ, ಮಣಿ ಕೆಳಗ' ಎಂದು ತೋರಿಸಿಕೊಟ್ಟಳು. ಉಂಡ ಮನೆಯ ಜಂತೆ ಎಣಿಸುವವರಿಗೆ ಆಕೆ ನಿಚ್ಚಣಿಕೆ ಹಿಡಿದುಕೊಂಡು ನಿಂತಂತಿತ್ತು. ನನ್ನ ತಮಾಷೆ ಅರ್ಧಕ್ಕೇ ಸಪ್ಪೆಯಾಯಿತು. ಎದ್ದು ಮನೆಗೆ ಬಂದೆ.

ಮೂರು ದಿನ ತೊಳೆದರು. ನಾಲ್ಕನೆಯ ದಿನ ಮಧ್ಯಾಹ್ನ ದಾಕ್ಷಾಯಣಿ ನನ್ನ ಅಂಗಡಿಗೆ ಬಂದಳು.

'ಗುರುಬಸಣ್ಣ, ಒಂದು ಚಾಪಿ ಬೇಕಾಗಿತ್ತು' ಎಂದಳು.

ಆ ಕ್ಷಣಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆನೋ. 'ಯಾರ ಮನಿಗ್ರಿ ಅಕ್ಕಾರ?' ಎಂದೆ.

'ನಮ್ಮ ಮನಿಗೆ.'

'ನಿಮ್ಮ ಮನ್ಯಾಗ ಚಾಪಿ ಇಲ್ಲ ಅಂತಿದ್ರಲ್ರಿ.'

'ಅಂತಿದ್ದೆ.' ಆಕೆ ನನ್ನ ಕಣ್ಣನ್ನೇ ನೋಡಿದಳು. 'ಈಗ ಬೇಕಾಗೇದ. ಮೂರೂವರಿ ಮೊಳ ಉದ್ದ, ಎರಡು ಮೊಳ ಅಗಲ.'

ಅಳತೆ ಕೇಳುತ್ತಿದ್ದಂತೆ ನನಗೆ ತಿಳಿಯಿತು. ಅದು ಮನುಷ್ಯನೊಬ್ಬನ ನಾಲ್ಕು ಹೆಜ್ಜೆಯ ಅಳತೆ. ಈ ಕಸಬಿನಲ್ಲಿ ಮೂವತ್ತೈದು ವರ್ಷ ಕಳೆದವನು ನಾನು. ಪಡಸಾಲೆಯ ತುಂಬ ಸಾವಿರ ಹೆಜ್ಜೆ ಇದ್ದಾಗ ಯಾರದೂ ಕಾಣುತ್ತಿರಲಿಲ್ಲ. ಎಲ್ಲರೂ ಬಂದು ತಮ್ಮತಮ್ಮವನ್ನು ತೊಳೆದುಕೊಂಡು ಹೋದ ಮೇಲೆ, ತೊಳೆಯಲು ಬರಲಾಗದವನ ಹೆಜ್ಜೆಗಳು ಒಂಟಿಯಾಗಿ ಎದ್ದು ಕಂಡಿರಬೇಕು, ಅವುಗಳಲ್ಲಿ ಮುಚ್ಚಲೇಬೇಕಾದ ನಾಲ್ಕು ಇದ್ದಿರಬೇಕು. ಚಾವಡಿಯಲ್ಲಿ ಅಷ್ಟು ಹುಷಾರಾಗಿ ತೊಳೆದ ವಿರೂಪಾಕ್ಷ ಅಕ್ಕನ ಮನೆಯಲ್ಲಿ ತೊಳೆದಿರಲಿಲ್ಲ. ತೊಳೀಬ್ಯಾಡ್ರಿ ಎಂದ ಮನೆಯಲ್ಲಿ ತೊಳೆಯುವುದು ಎಂದರೆ ಸಂಬಂಧ ಕಡಿದುಕೊಂಡಂತೆ. ಅಷ್ಟು ದೊಡ್ಡ ಮೋಸ ಮಾಡಿ ಬಂದವನಿಗೂ ಆ ಸಣ್ಣ ಅವಮರ್ಯಾದೆ ಮಾಡಲು ಮನಸ್ಸು ಬಂದಿರಲಿಲ್ಲ.

ಆಕೆ ಚಾಪೆಯನ್ನು ತಾನೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಡುಪೇಟೆಯಲ್ಲಿ, ಎಲ್ಲರಿಗೂ ಕಾಣುವಂತೆ ನಡೆದು ಹೋದಳು.

ಮರುದಿನವೇ ಫೌಜದಾರ ತಿಪ್ಪಣ್ಣ ಬಂದು ನನ್ನ ಜೊಂಡಿನ ಕಟ್ಟಿನ ಮೇಲೆ ಕುಳಿತ. 'ಗುರುಬಸಪ್ಪ, ಚಾಪಿ ಒಯ್ದಾಳ ಅನ್ನೋದು ಪ್ಯಾಟಿಗೆಲ್ಲಾ ಗೊತ್ತದ. ಅಳತಿ ಎಷ್ಟು ಅನ್ನೋದಷ್ಟ ಹೇಳು. ಕೋರ್ಟಿನ್ಯಾಗ ನಿನ್ನ ಮಾತೊಂದು ಸಾಕು, ಅಕಿ ಕೈಲೇ ಚಾಪಿ ಎತ್ಸೋ ಹುಕುಂ ತರ್ತೀನಿ' ಎಂದ.

ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ನಾನು ದೇಸಾಯರ ಮನುಷ್ಯ, ಅವರು ಗೆದ್ದರೆ ನನಗೆ ಚಾವಡಿಯ ಚಾಪೆಗಳ ಕೆಲಸವೂ ಸಿಗುತ್ತಿತ್ತು. ಆದರೆ ಆ ಮುದುಕ ಸದಸ್ಯನ ತೋಳು ಹಿಡಿದು ನಿಂತಿದ್ದ ಹೆಂಗಸು ಕಣ್ಣ ಮುಂದೆ ಬಂದಳು. 'ಚಾಪಿ ಮಾರಾವ್ರು ಅಳತಿ ಹೇಳೂದಿಲ್ರಿ ಸಾಹೇಬ್ರ' ಎಂದೆ. ಅವನು ಎಷ್ಟು ಗದರಿದರೂ ಅದನ್ನೇ ಹೇಳಿದೆ. ಒಳಗಿನಿಂದ ಕೇಳಿಸಿಕೊಂಡ ಕಸ್ತೂರಿ ಅವತ್ತು ಚಹಾವನ್ನು ಕೈಗೇ ಕೊಟ್ಟಳು.

ಜಾಮೀನಿನ ಗುರುವಾರಕ್ಕೆ ಎರಡು ದಿನ ಮುಂಚೆ, ಮಂಗಳವಾರ, ನಾನು ಖಾನಾವಳಿಗೆ ಊಟಕ್ಕೆ ಹೋದೆ. ಜೀವಮಾನದಲ್ಲಿ ಮೊದಲ ಸಲ. ಯಾಕೆ ಹೋದೆ ಎಂದರೆ ನನ್ನ ಚಾಪೆ ಹೇಗೆ ಬಿದ್ದಿದೆ ಎಂದು ನೋಡಲು, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಪಡಸಾಲೆ ಬಿಕೋ ಎನ್ನುತ್ತಿತ್ತು. ತೊಳೆದ ಕಲ್ಲಿನ ಮೇಲೆ ಅಲ್ಲಲ್ಲಿ ಠಾಣೆಯಲ್ಲಿದ್ದ ಇಬ್ಬರ ಹಳೆಯ ಹೆಜ್ಜೆ, ನಡುವೆ ನನ್ನ ಚಾಪೆ. ಉಪಾಧ್ಯಕ್ಷ ಚಂದ್ರಾಮಪ್ಪ ಒಬ್ಬನೇ ಊಟಕ್ಕೆ ಕುಳಿತು ಪಿಸುಮಾತಿನಲ್ಲಿ ಆಕೆಗೆ ಬುದ್ಧಿ ಹೇಳುತ್ತಿದ್ದ. ಅವನ ಪಿಸುಮಾತು ಎದುರು ಓಣಿಗೆ ಕೇಳುತ್ತದೆ.

'ಗುರುವಾರ ಜಾಮೀನ ಆಗ್ತದ. ವಿರೂಪಾಕ್ಷ ನೇರ ಇಲ್ಲಿಗೆ ಬರ್ತಾನ, ಒಂದು ತಂಬಿಗಿ ನೀರು ಹಾಕ್ತಾನ, ಮುಗೀತು. ಇನ್ನೆರಡು ದಿನ ಚಾಪಿ ಇದ್ದಲ್ಲೇ ಇರಲಿ. ಸಾಲಿ ಮಾಡು ಅರ್ಧಕ್ಕ ನಿಂತದ, ಮ್ಯಾಲಿನ ಓಣಿಗೆ ಇನ್ನೂ ನಳ ಹಾಕಬೇಕು. ನಾಕು ಹೆಜ್ಜಿ ಸಲುವಾಗಿ ಇಷ್ಟೆಲ್ಲಾ ದೇಸಾಯಿ ಕೈಯಾಗ ಕೊಡ್ತೀರೇನು?'

'ಇನ್ನೊಂದು ರೊಟ್ಟಿ ಹಾಕ್ಲೇನ್ರಿ?' ಎಂದಳು ದಾಕ್ಷಾಯಣಿ.

ಅವನು ಉಂಡು, ತನ್ನ ಹೆಜ್ಜೆ ತೊಳೆದುಕೊಂಡು ಹೋದ ಮೇಲೆ ನಾನು ಮೆಲ್ಲಗೆ, 'ಫೌಜದಾರ ಬಂದಿದ್ದ. ನಾ ಅಳತಿ ಹೇಳಿಲ್ರಿ ಅಕ್ಕಾರ' ಎಂದೆ.

ಆಕೆ ಬುಟ್ಟಿ ಕೆಳಗಿಟ್ಟಳು. 'ಯಾಕ ಹೇಳಲಿಲ್ಲ? ನೀವು ದೇಸಾಯರ ಮಂದಿ.'

'ನಮ್ಮ ಕಸಬಿನಾಗ ಹಂಗೊಂದು ನೇಮ ಅದರಿ.'

ಆಕೆ ಚಾಪೆಯ ಕಡೆ ನೋಡಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು. 'ಎಣಿಕಿ ದಿನ ಅವನ ಹೆಜ್ಜ್ಯಾಗ ನನಗ ಕೆಂಪು ಕಂಡಿತ್ತು, ಗುರುಬಸಣ್ಣ. ಗೆದ್ದ ಗುಲಾಲ ಅಂದುಕೊಂಡೆ. ಎಣಿಕೀನ ಇನ್ನೂ ಮುಗಿದಿದ್ದಿಲ್ಲ, ಗುಲಾಲ ಎಲ್ಲಿಂದ ಬರಬೇಕು ಅಂತ ಒಂದು ಮಾತು ಕೇಳಬೇಕಾಗಿತ್ತು. ಕೇಳಲಿಲ್ಲ.' ಮತ್ತೆ ಹೇಳಿದಳು, 'ನಿಮ್ಮ ಕಸಬಿಗೆ ಒಂದು ನೇಮ ಅದ, ನೀವು ನಡಸಿದ್ರಿ. ನಾನೂ ಮನಿ ಮನಿಗೆ ಹೋಗಿ ಒಂದು ನೇಮ ಹೇಳಿ ಬಂದೀನಿ.'

ನಾನು ಉಂಡು ಎದ್ದು ನನ್ನ ಹೆಜ್ಜೆ ತೊಳೆದೆ. ನೀರನ್ನು ಆಕೆಯೇ ಹಾಕಿದಳು.

ಬುಧವಾರ ಬೆಳಿಗ್ಗೆ ಡಂಗುರ ಬಂತು. ಮಧ್ಯಾಹ್ನ ಅಧ್ಯಕ್ಷರ ಮನೆಯಲ್ಲಿ ಎಲ್ಲರಿಗೂ ಊಟ ಎಂದು. ಊರೇ ಹೋಯಿತು, ಆದರೆ ಇಬ್ಬರನ್ನು ಬಿಟ್ಟು ಯಾರೂ ಒಳಗೆ ಕಾಲಿಡಲಿಲ್ಲ. ಚಪ್ಪಲಿ ಹಾಕಿಕೊಂಡೇ ಬೀದಿಯಲ್ಲಿ ನಿಂತರು. ಫೌಜದಾರ ತಿಪ್ಪಣ್ಣ ಒಳಗೆ ಹೋದ. ದೇಸಾಯರು ತಮ್ಮದೇ ಮನೆಯ ಬೆಳ್ಳಿ ತಂಬಿಗೆಯಲ್ಲಿ ನೀರು ತಂದುಕೊಂಡು ಒಳಗೆ ಹೋದರು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ.

ದಾಕ್ಷಾಯಣಿ ಭಾಷಣ ಮಾಡಲಿಲ್ಲ. ಬಗ್ಗಿ ಚಾಪೆಯ ಒಂದು ಅಂಚು ಹಿಡಿದಳು. ಒಂದು ಸಲ ಬಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಮತ್ತೆ ಹಿಡಿದು ನಿಧಾನವಾಗಿ ಸುರುಳಿ ಸುತ್ತುತ್ತ ಹೋದಳು. ನಾಲ್ಕು ಹೆಜ್ಜೆ. ಬಾಗಿಲ ಕಡೆಯಿಂದ ಅಡುಗೆಮನೆಯ ಕಡೆಗೆ. ಎಡಗಾಲಿನದರಲ್ಲಿ ಕಿರುಬೆರಳಿಲ್ಲ. ಎರಡೂ ಕಾಲಿನ ಹಿಮ್ಮಡಿಯಲ್ಲಿ ಒಣಗಿದ ಅರಗಿನ ಕೆಂಪು.

'ಪೆಟಗಿ ಮುದ್ರಿ ಒಡದು, ಹೊಸಾ ಅರಗು ಕಾಸಿ ಹಾಕಿ, ಅವ ನೇರ ನನ್ನ ಮನಿಗೆ ಬಂದಾನ' ಎಂದಳು, ಬೀದಿಗೂ ಕೇಳುವಂತೆ. 'ನಾ ಮಾಡ್ಸಿಲ್ಲ. ಆದ್ರ ಕಂಡು ಕೇಳಲಿಲ್ಲ, ತಿಳಿದ ಮ್ಯಾಲೆ ಒಂದು ವಾರ ಚಾಪಿ ಹಾಸಿ ಇಟ್ಟೆ. ನಾ ಗೆದ್ದಿಲ್ಲ. ಆ ಕುರ್ಚಿ ನನ್ನದಲ್ಲ. ಫೌಜದಾರ್ರ, ಅಳತಿ ತಗೋರಿ.'

ದೇಸಾಯರ ಮುಖವನ್ನು ನೋಡಿದೆ. ಗೆದ್ದವರ ಮುಖ ಹಾಗಿರುವುದಿಲ್ಲ. ಅವರು ಬಗ್ಗಿ ತಮ್ಮ ಹೆಜ್ಜೆ ತೊಳೆದುಕೊಂಡು ಹೊರಗೆ ಬಂದರು. ಅವರ ವಾಡೆಯ ಇಪ್ಪತ್ತೆರಡು ಚಾಪೆಗಳ ಉದ್ದಗಲ ನನಗೆ ಗೊತ್ತು. ಅವರು ನನ್ನ ಕಣ್ಣು ತಪ್ಪಿಸಿದರು.

ಫೌಜದಾರ ಹೆಜ್ಜೆಗಳ ಮೇಲೆ ತೆಳು ಬಟ್ಟೆ ಹಾಸಿ ಗುರುತು ಎತ್ತಿಕೊಂಡ. ವಿಚಾರಣೆ ಬೇಗ ಮುಗಿಯಿತು. ನಾಗನಗೌಡನಿಗೆ ಒಂದು ವರ್ಷ, ವಿರೂಪಾಕ್ಷನಿಗೆ ಐದು. ತೀರ್ಪಿನ ದಿನ ಅವನು ಆಕೆಯನ್ನು ಕಂಡು, 'ಅಕ್ಕಾ, ಗುರುವಾರದ ತನಕ ತಡೀಲಿಕ್ಕೆ ಆಗಲಿಲ್ಲೇನು ನಿನಗ?' ಎಂದು ಕೇಳಿದನಂತೆ. ಆಕೆ ಬುತ್ತಿಯ ಗಂಟನ್ನು ಅವನ ಮುಂದೆ ಹಿಡಿದಳಂತೆ. ಅವನು ತೆಗೆದುಕೊಳ್ಳಲಿಲ್ಲವಂತೆ. ಇದನ್ನು ಕಂಡವರು ಹೇಳಿದಾಗ ನನಗೆ ಅಳು ಬಂತು, ಮುಚ್ಚಿಡುವುದೇನು.

ದೇಸಾಯರು ಅಧ್ಯಕ್ಷರಾದರು. ನಮ್ಮ ಓಣಿಯ ನಳ ಈಗ ದಿನ ಬಿಟ್ಟು ದಿನ ಬರುತ್ತದೆ. ಶಾಲೆಯ ಮಾಡು ಅರ್ಧದಲ್ಲೇ ಇದೆ. ಕಸ್ತೂರಿ ಮತ್ತೆ ದೊಡ್ಡ ಬಾವಿಗೆ ಹೋಗುತ್ತಾಳೆ, ಕೊಡ ಇಳಿಸಿ, 'ಅಕಿ ಇನ್ನೆರಡು ದಿನ ಸುಮ್ಮನಿದ್ದಿದ್ರ ನನ್ನ ಸೊಂಟ ಉಳೀತಿತ್ತು' ಎನ್ನುತ್ತಾಳೆ. ಆಮೇಲೆ 'ಆದ್ರ ಎಂಥಾ ಹೆಂಗಸರಿ ಅಕಿ' ಎಂದೂ ಎನ್ನುತ್ತಾಳೆ. ದೇಸಾಯರು ಚಾವಡಿಗೆ ಚಾಪೆ ಹೆಣೆಯಲು ಹೇಳಿ ಕಳಿಸಿದ್ದರು. ಜೊಂಡು ಸಿಗುತ್ತಿಲ್ಲ ಎಂದು ಸುಳ್ಳು ಹೇಳಿದೆ.

ಚಾಪೆ ಎತ್ತಿದ ದಿನದ ಮಾತು ಮುಗಿಸುತ್ತೇನೆ. ಎಲ್ಲರೂ ಚದುರಿದ ಮೇಲೆ ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಊರಿಗೆಲ್ಲ ಮಾಡಿದ್ದ ಅಡುಗೆ ಹಾಗೇ ಇತ್ತು. ಆಕೆ ಬಡಿಸಿದಳು, ನಾನು ಹೊಟ್ಟೆ ತುಂಬ ಉಂಡೆ. ಸುತ್ತಿಟ್ಟ ಚಾಪೆಯನ್ನು ಆಕೆ ನನ್ನ ಮುಂದಿಟ್ಟು, 'ಒಯ್ರಿ, ಇನ್ನ ಬ್ಯಾಡ' ಎಂದಳು. ಆಮೇಲೆ ತಂಬಿಗೆ ತುಂಬಿ ತಂದು, 'ತೊಳಕೊಂಡು ಹೋಗ್ರಿ ಗುರುಬಸಣ್ಣ. ನಾಳೆ ನಿಮಗ ತ್ರಾಸ ಆಗ್ತದ' ಎಂದಳು. ನಾನು ತಂಬಿಗೆ ತೆಗೆದುಕೊಂಡು, ಅದರ ನೀರನ್ನು ಗಟಗಟ ಕುಡಿದು, ಬರಿದಾದ ತಂಬಿಗೆಯನ್ನು ಆಕೆಯ ಕೈಗೆ ಕೊಟ್ಟೆ. ಚಾಪೆ ಹೆಗಲಿಗೇರಿಸಿ ಹೊರಟೆ. ಹೇಳಿಸಿಕೊಳ್ಳದೆ ಹೆಜ್ಜೆ ಬಿಟ್ಟು ಬರುವುದು ನಮ್ಮೂರಲ್ಲಿ ಭಾರಿ ಒರಟುತನ. ಐವತ್ತೆಂಟು ವರ್ಷದಲ್ಲಿ ಅದೊಂದನ್ನು ನಾನು ಮನಸಾರೆ ಮಾಡಿದ್ದೇನೆ.

ಈಗಲೂ ವಾರಕ್ಕೊಮ್ಮೆ ಅಲ್ಲಿ ಊಟಕ್ಕೆ ಹೋಗುತ್ತೇನೆ. ಒಬ್ಬೊಬ್ಬರಾಗಿ ಮತ್ತೆ ಮಂದಿ ಬರುತ್ತಿದ್ದಾರೆ, ಕೆಲವರು ತೊಳೆಯಲು ಮರೆತವರಂತೆ ಎದ್ದು ಹೋಗುತ್ತಾರೆ. ಆ ನಾಲ್ಕು ಕೆಂಪು ಹೆಜ್ಜೆಗಳು ಪಡಸಾಲೆಯ ನಡುವೆ ಹಾಗೇ ಇವೆ. ಅವುಗಳ ಮೇಲೆ ಆಕೆ ಮಣೆ ಹಾಕುವುದಿಲ್ಲ. ಬಡಿಸುವಾಗ ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಸುತ್ತು ಹಾಕಿ ಹೋಗುತ್ತಾಳೆ. ಹತ್ತಿರದಲ್ಲೇ ಒಂದು ತಂಬಿಗೆ ನೀರು ಸದಾ ತುಂಬಿರುತ್ತದೆ, ದಿನಾ ಬೆಳಿಗ್ಗೆ ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬುತ್ತಾಳೆ. ಯಾಕೆಂದು ಒಮ್ಮೆ ಕೇಳಿದೆ.

'ಇನ್ನ ನಾಕು ವರ್ಷಕ್ಕ ಅವ ಬರ್ತಾನಲ್ರಿ' ಎಂದಳು. 'ಬಂದಾಗ ನೀರು ಹುಡುಕಬಾರದು.'